ಕೊರೆಯುವ ಮೊದಲು ಅಳೆಯೋಣ: ನೀರಿನ ನಿರ್ಧಾರಗಳೂ ಸಂಶೋಧನೆಯೂ

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣದ ಪಠ್ಯ)

 

ವಿದ್ಯೆಯ ಮಹತ್ವದ ಬಗ್ಗೆ ಹದಿನೈದು ನಿಮಿಷ ಮಾತನಾಡಿ ಎಂದು ಕಾರ್ಯದರ್ಶಿಯವರು ಹೇಳಿದ್ದರು. ವಿದ್ಯೆಯ ಮಹತ್ವ ಗೊತ್ತಿಲ್ಲದಿದ್ದರೆ ನೀವು ಅರ್ಜಿ ತುಂಬಿ, ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ನಾಲ್ಕು ಸಲ ಅಲೆದು ಇಲ್ಲಿಗೆ ಬರುತ್ತಲೇ ಇರಲಿಲ್ಲ. ಆದ್ದರಿಂದ ಅವರ ಅಪ್ಪಣೆ ಪಡೆದು ವಿಷಯ ಬದಲಿಸಿದ್ದೇನೆ. ಕಾರಣ, ನಿಮ್ಮ ಕೈಯಲ್ಲಿರುವ ವರದಿಯ ಖರ್ಚಿನ ಪುಟದಲ್ಲೇ ಇದೆ. ವಿದ್ಯಾರ್ಥಿವೇತನದ ಕೆಳಗೆ ಇನ್ನೊಂದು ಬಾಬ್ತು ಕಾಣುತ್ತದೆ: ಕೊಳವೆಬಾವಿ. ಮುಂದಿನ ವರ್ಷಕ್ಕೂ ಅದೇ ಬಾಬ್ತಿಗೆ ಹಣ ಇಡಬೇಕೆಂಬ ಪ್ರಸ್ತಾಪ ಸಮಿತಿಯ ಮುಂದಿದೆ. ಸದಕಾ ಜಾರಿಯಾ ಎಂದು ನಂಬಿ ಜನ ಕೊಟ್ಟ ಹಣ ಅದು. ಬಾಯಾರಿದವರಿಗೆ ನೀರು ಕೊಡುವುದಕ್ಕಿಂತ ದೊಡ್ಡ ದಾನ ಯಾವುದಿದೆ? ಮದೀನಾದಲ್ಲಿ ಜನ ಹಣ ಕೊಟ್ಟು ನೀರು ತರುತ್ತಿದ್ದ ರೂಮಾ ಬಾವಿಯನ್ನು ಹಜ್ರತ್ ಉಸ್ಮಾನ್(ರ) ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟ ಸಂಗತಿ ಇಲ್ಲಿ ಯಾರಿಗೆ ಗೊತ್ತಿಲ್ಲ! ಆದರೆ ಒಂದು ವ್ಯತ್ಯಾಸ ಗಮನಿಸಿ. ಅವರು ಕೊಂಡದ್ದು ನೀರಿದ್ದ ಬಾವಿಯನ್ನು. ಕೋಲಾರ ಜಿಲ್ಲೆಯಲ್ಲಿ ಕೊರೆಸುವ ನಮಗೆ ನೀರು ಇದೆಯೋ ಇಲ್ಲವೋ ಗೊತ್ತಿರುವುದಿಲ್ಲ. ಸಾವಿರದ ಇನ್ನೂರು ಅಡಿ ಹೋಗಿ ಧೂಳು ಬಂದರೂ ರಿಗ್ಗಿನವರ ಬಿಲ್ಲು ನಿಲ್ಲುವುದಿಲ್ಲ.

ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾರೆ. ಕಾಯಿ ಎದ್ದು ನಿಂತ ಕಡೆ ಸುಣ್ಣ ಹಾಕುತ್ತೇವೆ, ಮಾರನೆಯ ದಿನ ಲಾರಿ ಬರುತ್ತದೆ. ಅವರನ್ನು ನಾನು ಹೀಯಾಳಿಸುವುದಿಲ್ಲ. ನೆಲದ ಏರಿಳಿತ, ಗಿಡಮರ, ಹುತ್ತ ನೋಡಿ ನೋಡಿ ಅವರಿಗೊಂದು ಅಂದಾಜು ಬಂದಿರುತ್ತದೆ. ಆದರೆ ಸಾರ್ವಜನಿಕರ ಹಣವನ್ನು ಅಂದಾಜಿನ ಮೇಲೆ ಸುರಿಯುವ ಮುನ್ನ ಅಳೆದವರು ಏನು ಹೇಳಿದ್ದಾರೆಂದು ಕೇಳಬೇಕಲ್ಲವೇ? ಹಾಗೆ ಅಳೆದವರು ನಮ್ಮ ಸುತ್ತಮುತ್ತಲೇ ಇದ್ದಾರೆ. ಅವರ ಅಳತೆ ನಮ್ಮ ಸಭೆಗಳಿಗೆ ಬಂದು ಮುಟ್ಟಿಲ್ಲ, ಅಷ್ಟೆ.

ಮೊದಲು ಒಂದು ಲೆಕ್ಕ. ಏಳನೇ ತರಗತಿಯ ಮಕ್ಕಳೂ ಮಾಡಬಹುದು. ಒಂದು ಎಕರೆ ಎಂದರೆ ಸುಮಾರು ನಾಲ್ಕು ಸಾವಿರ ಚದರ ಮೀಟರ್. ಅದರ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ನಾಲ್ಕು ಸಾವಿರ ಲೀಟರ್ ನೀರು. ನಮ್ಮ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಅಂದರೆ ಎಕರೆಗೆ 28 ಲಕ್ಷ ಲೀಟರ್. ಕೇಳಲು ಬಹಳ. ಆದರೆ ಅದರಲ್ಲಿ ಹೆಚ್ಚಿನದು ಆವಿಯಾಗುತ್ತದೆ, ಗಿಡ ಹೀರುತ್ತದೆ, ಸ್ವಲ್ಪ ಹರಿದು ಹೋಗುತ್ತದೆ. ನಮ್ಮಂಥ ಕಲ್ಲುನೆಲದಲ್ಲಿ ಅಂತರ್ಜಲಕ್ಕೆ ಸೇರುವುದು ಎಷ್ಟು? ದೇಶದಲ್ಲಿ ಅಂತರ್ಜಲ ಅಂದಾಜು ಮಾಡಲು ಬಳಸುವ ಅಧಿಕೃತ ವಿಧಾನದಲ್ಲಿ ಶಿಥಿಲಗೊಂಡ ಗ್ರಾನೈಟ್ ನೆಲಕ್ಕೆ ಇಟ್ಟಿರುವ ಪ್ರಮಾಣ ಮಣ್ಣಿನ ಜೇಡಿಯಂಶ ನೋಡಿಕೊಂಡು ನೂರಕ್ಕೆ 8ರಿಂದ 11. ಎಂಟೆಂದೇ ಹಿಡಿಯಿರಿ. ಎಕರೆಗೆ ವರ್ಷಕ್ಕೆ ಎರಡೂಕಾಲು ಲಕ್ಷ ಲೀಟರಿನಷ್ಟು ಒಳಗಿಳಿಯುತ್ತದೆ. ಬೇಸಿಗೆಯಲ್ಲಿ ಸಾಲುಗಾಲುವೆಯಲ್ಲಿ ನೀರು ಬಿಟ್ಟು ಟೊಮೆಟೊ ಬೆಳೆದರೆ ಎಕರೆಗೆ ಇಪ್ಪತ್ತು ಲಕ್ಷ ಲೀಟರಿಗೂ ಹೆಚ್ಚು ಬೇಕು. ಅಂದರೆ ಒಂದು ಎಕರೆ ಬೇಸಿಗೆ ಟೊಮೆಟೊ, ಸುತ್ತಲಿನ ಏಳರಿಂದ ಹತ್ತು ಎಕರೆಯ ಅಡಿ ಸೇರಿದ ಮಳೆಯನ್ನು ಕುಡಿದು ಮಾರುಕಟ್ಟೆಗೆ ಹೋಗುತ್ತದೆ. ಬೆಲೆ ಬಿದ್ದ ವರ್ಷ ರಸ್ತೆಬದಿಗೆ ಹೋಗುತ್ತದೆ. ಹನಿ ನೀರಾವರಿ ಮಾಡಿದರೆ ಈ ಲೆಕ್ಕ ಸುಧಾರಿಸುತ್ತದೆ. ಆದರೆ ಉಳಿದ ನೀರಿನಲ್ಲಿ ಇನ್ನೊಂದು ಎಕರೆ ಹಾಕಿದರೆ ಮತ್ತೆ ಅಲ್ಲಿಗೇ ಬಂದೆವು.

ಇನ್ನೊಂದು ಅಂಕಿ ಇದಕ್ಕಿಂತ ಮುಖ್ಯ. ಕೆಳಗೆ ನೀರು ಒಂದು ಕೆರೆಯಂತೆ ತುಂಬಿಕೊಂಡಿದೆ ಎಂದು ನಾವು ಭಾವಿಸುತ್ತೇವೆ. ಹಾಗಿಲ್ಲ. ಅದು ಕಲ್ಲಿನ ಸಂದುಗಳಲ್ಲಿ, ಶಿಥಿಲವಾದ ಕಲ್ಲಿನ ಪುಡಿಯ ನಡುವೆ ಇರುತ್ತದೆ. ಅಂಥ ನೆಲದ ನೂರು ಪಾಲಿನಲ್ಲಿ ನಾವು ಮೇಲೆತ್ತಬಹುದಾದ ನೀರು ಒಂದೂವರೆಯಿಂದ ಮೂರು ಪಾಲು ಮಾತ್ರ. ಎರಡು ಪಾಲು ಎಂದಿಟ್ಟುಕೊಳ್ಳಿ. ಒಂದು ಎಕರೆಯ ಕೆಳಗೆ ನೀರಿನ ಮಟ್ಟ ಒಂದು ಮೀಟರ್ ಇಳಿಯಿತೆಂದರೆ ತೆಗೆದ ನೀರು ಸುಮಾರು 80 ಸಾವಿರ ಲೀಟರ್. ಐದು ಸಾವಿರ ಲೀಟರಿನ ಹದಿನಾರು ಟ್ಯಾಂಕರ್! ಗಂಗಾ ಬಯಲಿನ ಮರಳುಮಣ್ಣಿನಲ್ಲಿ ಇದರ ಹಲವು ಪಟ್ಟು ಸಿಗುತ್ತದೆ. ಪಂಜಾಬಿನ ರೈತ ಮಾಡಿದ್ದನ್ನು ನಾವು ಇಲ್ಲಿ ಮಾಡಲು ಹೋದದ್ದೇ ನಮ್ಮ ತೆರೆದ ಬಾವಿಗಳು ಬತ್ತಲು ದೊಡ್ಡ ಕಾರಣ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಇನ್ನೂ ಆಳಕ್ಕೆ ಹೋದರೆ? ಇದು ಎಲ್ಲರೂ ಕೇಳುವ ಪ್ರಶ್ನೆ. ಹೈದರಾಬಾದಿನ ಹತ್ತಿರ ಮಹೇಶ್ವರಂ ಎಂಬ ಊರಿದೆ. ನಮ್ಮಂತೆಯೇ ಗ್ರಾನೈಟ್ ನೆಲ, ನಮ್ಮಂತೆಯೇ ಬೋರ್‌ವೆಲ್ ಬೇಸಾಯ. ಅಲ್ಲಿ 53 ಚದರ ಕಿಲೋಮೀಟರಿನ ಒಂದು ಜಲಾನಯನವನ್ನು ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಫ್ರಾನ್ಸಿನ ವಿಜ್ಞಾನಿಗಳ ಜೊತೆ ಸೇರಿ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಕೊಳವೆಬಾವಿಗಳ ಒಳಗೆ ಉಪಕರಣ ಇಳಿಸಿ ಯಾವ ಆಳದಲ್ಲಿ ನೀರು ಹರಿದು ಬರುತ್ತದೆ ಎಂದು ನೋಡಿದರು. ಮೇಲೆ ಮಣ್ಣಾದ ಶಿಥಿಲ ಪದರ, ಅದರ ಕೆಳಗೆ ಬಿರುಕುಬಿಟ್ಟ ಪದರ, ಅದರ ಕೆಳಗೆ ಗಟ್ಟಿಬಂಡೆ. ನೀರು ಕೊಡುವುದು ಮುಖ್ಯವಾಗಿ ಆ ನಡುವಿನ ಬಿರುಕುಬಿಟ್ಟ ಪದರ. ಬಿರುಕುಗಳು ಅದರ ಮೇಲ್ಭಾಗದಲ್ಲಿ ಹೆಚ್ಚು, ಕೆಳಗಿಳಿದಂತೆ ವಿರಳ. ಅದನ್ನು ದಾಟಿದ ಮೇಲೆ ಸಿಗುವ ಬಿರುಕು ಅದೃಷ್ಟದ್ದು. ಸಿಕ್ಕರೂ ಅದಕ್ಕೆ ಮೇಲಿನಿಂದ ನೀರು ತುಂಬಿಕೊಳ್ಳುವುದು ನಿಧಾನ. ಮೊದಲ ತಿಂಗಳು ಎರಡು ಇಂಚು ನೀರು ಬಿದ್ದು, ಮೂರನೆಯ ವರ್ಷ ಗಾಳಿ ಉಗುಳುವ ಬೋರ್‌ವೆಲ್‌ಗಳನ್ನು ನೀವೆಲ್ಲ ನೋಡಿದ್ದೀರಿ. ಅಲ್ಲಿ ಆಗಿರುವುದು ಇದೇ.

ಆಳದ ನೀರಿಗೆ ಇನ್ನೊಂದು ಕಾಯಿಲೆಯಿದೆ. ಮೂರು ದಶಕಕ್ಕೂ ಹೆಚ್ಚು ಕಾಲ ಈ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಪಾಠ ಮಾಡಿದ ನನಗೆ ಅದು ಮೊದಲು ಕಂಡದ್ದು ಪುಸ್ತಕದಲ್ಲಲ್ಲ, ಮಕ್ಕಳ ಬಾಯಿಯಲ್ಲಿ. ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆಗಳು. ಗುಂಪು ಫೋಟೋ ತೆಗೆಯುವಾಗ ಬಾಯಿ ಮುಚ್ಚಿಕೊಂಡು ನಗುತ್ತಿದ್ದ ಹೆಣ್ಣುಮಕ್ಕಳು. ಬ್ರಷ್ ಮಾಡುವುದಿಲ್ಲ ಎಂದು ಮನೆಯಲ್ಲಿ ಬೈಸಿಕೊಳ್ಳುತ್ತಿದ್ದರು, ಪಾಪ. ಅದು ಕೊಳೆಯಲ್ಲ, ಫ್ಲೋರೈಡ್. ಗ್ರಾನೈಟಿನ ಖನಿಜಗಳಲ್ಲಿ ಫ್ಲೋರೈಡ್ ಇದೆ. ನೀರು ಬಂಡೆಯ ಜೊತೆ ಹೆಚ್ಚು ಕಾಲ ಇದ್ದಷ್ಟೂ, ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಅದು ಹೆಚ್ಚು ಕರಗುತ್ತದೆ. ಆಳದ ನೀರು ಬಂಡೆಯ ಸಹವಾಸದಲ್ಲಿ ಬಹುಕಾಲ ಇದ್ದ ನೀರು. ನಮ್ಮ ದೇಶದಲ್ಲಿ ಈ ರೋಗವನ್ನು ಗುರುತಿಸಿ ವರದಿ ಮಾಡಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಈಗಿನ ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ ಒಂದೂವರೆಯವರೆಗೆ ಒಪ್ಪಬಹುದು.

ತಾಯಂದಿರು ಎರಡು ಮಾತು ನೆನಪಿಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುವುದರಿಂದ ಉಳಿದದ್ದರಲ್ಲಿ ಅದು ತುಸು ಹೆಚ್ಚೇ ಆಗುತ್ತದೆ. ಎರಡನೆಯದು, ಹಲ್ಲಿನ ಹೊರಪದರ ರೂಪುಗೊಳ್ಳುವುದು ಎಂಟು ವರ್ಷದೊಳಗೆ. ಮನೆಗೆ ಬರುವ ಶುದ್ಧ ನೀರು ಒಂದೇ ಕ್ಯಾನ್ ಇದ್ದರೆ ಅದರ ಮೊದಲ ಹಕ್ಕು ಮನೆಯ ಚಿಕ್ಕ ಮಗುವಿನದು, ಬಂದ ನೆಂಟರದಲ್ಲ. ದೊಡ್ಡವರಿಗೆ ಏನೂ ಆಗುವುದಿಲ್ಲ ಎಂದಲ್ಲ. ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಕುಡಿದವರಿಗೆ ಬೆನ್ನು, ಕೀಲು ಬಿಗಿಯುತ್ತವೆ. ರುಕೂಗೆ ಬಗ್ಗಲಾಗದೆ ಕುರ್ಚಿಯ ಮೇಲೆ ನಮಾಜ್ ಮಾಡುವ ಎಲ್ಲ ಹಿರಿಯರ ನೋವೂ ಬರೀ ವಯಸ್ಸಿನದೇ ಎಂದು ತೀರ್ಮಾನಿಸುವ ಮುನ್ನ ಅವರು ಕುಡಿದ ನೀರನ್ನು ಪರೀಕ್ಷಿಸುವುದು ಒಳ್ಳೆಯದು.

ಇಷ್ಟು ಕೇಳಿದ ಮೇಲೆ ಮಕ್ಕಳಲ್ಲಿ ಯಾರಾದರೂ ಕೇಳಬಹುದು: ಸರ್, ವಿಜ್ಞಾನಿಗಳಿಗೆ ಇದೆಲ್ಲ ಗೊತ್ತಿದ್ದರೆ ಸರ್ಕಾರ ಯಾಕೆ ಕೇಳುವುದಿಲ್ಲ? ಕೇಳುತ್ತದೆ, ಆದರೆ ತಡವಾಗಿ. ಎಷ್ಟು ತಡ ಎಂಬುದಕ್ಕೆ ನೀಲಗಿರಿ ಮರದ ಕಥೆ ಹೇಳುತ್ತೇನೆ.

1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ತುಂಬ ನೀಲಗಿರಿ ಬಂತು. ರಾಗಿ ಹೊಲಗಳಿಗೂ ಬಂತು. ನೆಟ್ಟು ಊರು ಬಿಟ್ಟರೂ ಬೆಳೆಯುತ್ತದೆ, ದನ ಮೇಯುವುದಿಲ್ಲ, ಕೂಲಿಯ ಕಾಟವಿಲ್ಲ. ಬಾವಿಗಳು ಬತ್ತುತ್ತಿವೆ ಎಂದು ರೈತರು ಗಲಾಟೆ ಮಾಡಿದರು. ಮರ ನೀರು ಕುಡಿಯುತ್ತದೆಯೇ, ಕುಡಿದರೆ ಎಷ್ಟು ಎಂದು ಎರಡೂ ಕಡೆಯವರು ವಾದ ಮಾಡಿದರು. ಆಗ ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆಯವರು ನಮ್ಮ ರಾಜ್ಯದ ಅರಣ್ಯ ಇಲಾಖೆಯ ಜೊತೆ ಸೇರಿ ಅಳೆಯಲು ಶುರುಮಾಡಿದರು. ಅಳತೆ ಮಾಡಿದ ಜಾಗಗಳಲ್ಲಿ ಒಂದು ಹೊಸಕೋಟೆ. ನಮ್ಮ ಗಡಿಯ ಆಚೆ ಬದಿಯ ಊರು. ಅಯಾನ್ ಕಾಲ್ಡರ್ ಮತ್ತು ಅವರ ಸಂಗಡಿಗರು 1993ರಲ್ಲಿ ಪ್ರಕಟಿಸಿದ ಫಲಿತಾಂಶ ಎರಡೂ ಕಡೆಯವರನ್ನು ಪೂರ್ತಿ ಖುಷಿಪಡಿಸುವಂತಿರಲಿಲ್ಲ. ಬೇರು ಆಳಕ್ಕೆ ಹೋಗಲಾಗದ ಕಡೆ ನೀಲಗಿರಿ ಕುಡಿದದ್ದು ಅಲ್ಲಿನ ಕಾಡುಮರಗಳಷ್ಟೇ. ಆದರೆ ಹೊಸಕೋಟೆಯ ಆಳವಾದ ಹೊಲದ ಮಣ್ಣಿನಲ್ಲಿ, ಅದು ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಬಳಸಿತ್ತು. ಬೇರುಗಳು ವರ್ಷ ವರ್ಷ ಕೆಳಗಿಳಿದು ಹಿಂದಿನ ಮಳೆಗಾಲಗಳು ಕೂಡಿಟ್ಟಿದ್ದ ತೇವವನ್ನೂ ಎತ್ತಿದ್ದವು. ಅಲ್ಲಿ ಕೆಳಗೆ ಇಳಿಯಬೇಕಾದ ಹನಿ ಇಳಿಯುತ್ತಿರಲಿಲ್ಲ.

ಕರ್ನಾಟಕ ಸರ್ಕಾರ ನೀಲಗಿರಿಯ ಹೊಸ ನಾಟಿಯನ್ನು ನಿಷೇಧಿಸಿದ್ದು 2017ರಲ್ಲಿ. ಲೆಕ್ಕ ಹಾಕಿ, 24 ವರ್ಷ. ಫಲಿತಾಂಶ ಬಂದ ವರ್ಷ ಹುಟ್ಟಿದ ಮಗು ಪದವಿ ಮುಗಿಸಿ, ಬಿ.ಎಡ್. ಮಾಡಿ ಕೆಲಸಕ್ಕೆ ಸೇರುವಷ್ಟು ಕಾಲ.

ಅದಕ್ಕೆ ಎರಡು ವರ್ಷ ಮೊದಲು, 2015ರಲ್ಲಿ, ಅರ್ಕಾವತಿ ನದಿ ಯಾಕೆ ಬತ್ತಿತು ಎಂಬ ಬಗ್ಗೆ ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮೊದಲಾದವರ ಅಧ್ಯಯನ ಪ್ರಕಟವಾಯಿತು. ಬೆಂಗಳೂರಿಗೆ ನೀರು ಕೊಡುತ್ತಿದ್ದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಒಳಹರಿವೇ ನಿಂತಂತಾಗಿತ್ತು. ಮಕ್ಕಳೇ, ಈ ಅಧ್ಯಯನದ ವಿಧಾನ ಗಮನಿಸಿ. ಪರೀಕ್ಷೆಯಲ್ಲಿ ನಾಲ್ಕು ಆಯ್ಕೆ ಕೊಟ್ಟಾಗ ತಪ್ಪಾದುದನ್ನು ಒಂದೊಂದಾಗಿ ಹೊಡೆದುಹಾಕುತ್ತೀರಲ್ಲ, ಹಾಗೆ. ಮಳೆ ಕಡಿಮೆಯಾಯಿತೇ? ದಶಕಗಳ ಮಳೆ ದಾಖಲೆ ನೋಡಿದರು, ಅಂಥ ಇಳಿಕೆ ಕಾಣಲಿಲ್ಲ. ಬಿಸಿಲು ಹೆಚ್ಚಾಯಿತೇ? ಅದರ ಪ್ರಭಾವ ಇಷ್ಟು ದೊಡ್ಡ ನಷ್ಟಕ್ಕೆ ಸಾಲದು. ಉಳಿದ ಪ್ರಬಲ ಕಾರಣಗಳು ಕೊಳವೆಬಾವಿಗಳ ಎತ್ತುವಳಿ ಮತ್ತು ನೀಲಗಿರಿ ತೋಪುಗಳು. ಹಳ್ಳದ ಪಾತ್ರಕ್ಕೆ ಕೆಳಗಿನಿಂದ ಜಿನುಗುತ್ತಿದ್ದ ನೀರು ನಿಂತಮೇಲೆ ಹಳ್ಳ ಮಳೆ ಬಂದಾಗ ಮಾತ್ರ ಹರಿಯುವ ಚರಂಡಿಯಾಯಿತು. ‘ಮಳೆಯೇ ಇಲ್ಲ, ಏನು ಮಾಡೋಣ’ ಎಂದು ಆಕಾಶದ ಮೇಲೆ ಹೊರಿಸುವ ನಮ್ಮ ಅಭ್ಯಾಸಕ್ಕೆ ಇಂಥ ಅಧ್ಯಯನ ಬೇಕು. ಮಳೆ ಕಡಿಮೆಯಾಗಿದ್ದರೆ ಮಾಡಬೇಕಾದ ಕೆಲಸ ಬೇರೆ, ಎತ್ತುವುದು ಹೆಚ್ಚಾಗಿದ್ದರೆ ಮಾಡಬೇಕಾದ ಕೆಲಸವೇ ಬೇರೆ. ಕಾರಣ ಗೊತ್ತಿಲ್ಲದೆ ಔಷಧ ಬರೆಯುವ ವೈದ್ಯರ ಹತ್ತಿರ ನಾವು ಹೋಗುವುದಿಲ್ಲವಲ್ಲ.

ತಡ ಯಾಕೆ ಆಗುತ್ತದೆ? ಅಧಿಕಾರಿಗಳ ಸೋಮಾರಿತನ ಎಂದು ಹೇಳಿ ಮುಗಿಸಬಹುದು. ಅದು ಪೂರ್ತಿ ನ್ಯಾಯವಲ್ಲ. ಸಂಶೋಧನೆ ಇಂಗ್ಲಿಷಿನಲ್ಲಿ, ದುಬಾರಿ ಪತ್ರಿಕೆಗಳಲ್ಲಿ ಇರುತ್ತದೆ. ಕೊಳವೆಬಾವಿ ಕೊರೆಸಿದ ಶಾಸಕರಿಗೆ ಹಾರ ಬೀಳುತ್ತದೆ, ಕೊರೆಸಬೇಡಿ ಎಂದವರಿಗೆ ಬೀಳುವುದಿಲ್ಲ. ನೀಲಗಿರಿಯಿಂದ ಮಗಳ ಮದುವೆ ಮಾಡಿದ ರೈತನಿಗೆ ಬದಲಿ ಬೆಳೆ ತೋರಿಸದೆ ಮರ ಕೀಳಿ ಎಂದರೆ ಅವನು ಯಾಕೆ ಕೇಳಬೇಕು? 2011ರ ಕರ್ನಾಟಕ ಅಂತರ್ಜಲ ಕಾಯ್ದೆಯ ಪ್ರಕಾರ ಅಧಿಸೂಚಿತ ಪ್ರದೇಶಗಳಲ್ಲಿ ಬೋರ್‌ವೆಲ್ ಕೊರೆಯಲು ಅನುಮತಿ ಬೇಕು. ಅತಿಬಳಕೆಯ ತಾಲ್ಲೂಕು ಯಾವುದು ಎಂದು ತೀರ್ಮಾನಿಸುವುದು ನಾನು ಆಗ ಹೇಳಿದ ಲೆಕ್ಕದಿಂದಲೇ. ವರ್ಷಕ್ಕೆ ತುಂಬುವ ನೀರಿನಲ್ಲಿ ಬಳಸಬಹುದಾದ ಪಾಲಿಗಿಂತ ಎತ್ತುವುದು ಹೆಚ್ಚಾದರೆ, ಅಂದರೆ ನೂರಕ್ಕೆ ನೂರು ದಾಟಿದರೆ, ಅತಿಬಳಕೆ. ಕೋಲಾರ ಜಿಲ್ಲೆಯ ತಾಲ್ಲೂಕುಗಳು ವರ್ಷಾನುಗಟ್ಟಲೆ ಆ ಪಟ್ಟಿಯಲ್ಲಿವೆ. ಕಾಯ್ದೆಯಿದೆ, ಪಟ್ಟಿಯಿದೆ, ರಾತ್ರಿಯೆಲ್ಲ ರಿಗ್ಗಿನ ಸದ್ದೂ ಇದೆ.

ಈಗ ಎಲ್ಲರಿಗೂ ಬಿಸಿಯಾದ ವಿಷಯಕ್ಕೆ ಬರುತ್ತೇನೆ. ಕೆ.ಸಿ. ವ್ಯಾಲಿ ನೀರು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ದಿನಕ್ಕೆ 44 ಕೋಟಿ ಲೀಟರ್ ನೀರನ್ನು ನಮ್ಮ ಕೆರೆಗಳಿಗೆ ಹರಿಸುವ ಯೋಜನೆ. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಜುಲೈನಲ್ಲಿ ನೊರೆ ಬಂತು. ಜನ ಹೆದರಿದರು. ಹೈಕೋರ್ಟಿನಿಂದ ತಡೆ, ಆಮೇಲೆ ತೆರವು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಿಂದ ತಡೆ, ಏಪ್ರಿಲ್‌ನಲ್ಲಿ ತೆರವು. ಆ ತಿಂಗಳುಗಳಲ್ಲಿ ಚಹಾ ಅಂಗಡಿಗಳಲ್ಲಿ ಎರಡೇ ಪಕ್ಷ. ಒಂದಕ್ಕೆ ಅದು ಅಮೃತ, ಇನ್ನೊಂದಕ್ಕೆ ವಿಷ.

ಎರಡೂ ಅಲ್ಲ. ಎರಡನೇ ಹಂತದ ಶುದ್ಧೀಕರಣ ಎಂದರೆ ಕಸಕಡ್ಡಿ, ಕೆಸರು ತಳಕ್ಕೆ ಇಳಿಸಿದ ಮೇಲೆ ಗಾಳಿ ಊದಿ, ಸೂಕ್ಷ್ಮಜೀವಿಗಳಿಂದ ಕರಗಿದ ಕೊಳೆಯನ್ನು ತಿನ್ನಿಸುವುದು. ಅದು ಕೊಳೆಯ ಹೆಚ್ಚಿನ ಭಾಗ ತೆಗೆಯುತ್ತದೆ. ಸಾರಜನಕ, ರಂಜಕಗಳನ್ನೂ ಸಾಬೂನುಪುಡಿಯ ಅಂಶವನ್ನೂ ಪೂರ್ತಿ ತೆಗೆಯುವುದಿಲ್ಲ. ಈ ನೀರು ಕುಡಿಯಲು ಅಲ್ಲ, ನೇರವಾಗಿ ಹೊಲಕ್ಕೂ ಅಲ್ಲ. ಕೆರೆಯಲ್ಲಿ ನಿಂತು ನೆಲದೊಳಗೆ ಇಂಗಲು. ಇಂಗುವಾಗ ಮಣ್ಣು ಇನ್ನಷ್ಟು ಸೋಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯವರು ಕೆರೆಗಳ ನೀರನ್ನೂ ಸುತ್ತಲಿನ ಬಾವಿಗಳ ನೀರನ್ನೂ ಪರೀಕ್ಷಿಸುತ್ತ ಬಂದಿದ್ದಾರೆ. ನೀರು ತುಂಬಿದ ಕೆರೆಗಳ ಆಸುಪಾಸಿನಲ್ಲಿ ಅಂತರ್ಜಲ ಏರಿರುವುದನ್ನು ಅವರ ಪ್ರಕಟಿತ ಅಧ್ಯಯನಗಳು ತೋರಿಸಿವೆ. ಸತ್ತುಹೋಗಿದ್ದ ಬೋರ್‌ವೆಲ್‌ನಲ್ಲಿ ನೀರು ಕಂಡ ರೈತರೂ ಅದನ್ನೇ ಹೇಳುತ್ತಾರೆ. ಇನ್ನೊಂದು ಕಡೆ, ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಹೋರಾಡುತ್ತಿರುವವರ ಮಾತೂ ಸರಿಯೇ. ಬಂಡೆಯ ಬಿರುಕಿಗೆ ಒಮ್ಮೆ ಕೊಳೆ ಸೇರಿದರೆ ತೆಗೆಯುವುದು ಬಲು ಕಷ್ಟ. ಮಟ್ಟ ಏರಿದೆ ಎಂಬುದು ಒಂದು ಪ್ರಶ್ನೆಗೆ ಉತ್ತರ. ಇಪ್ಪತ್ತು ವರ್ಷದ ಮೇಲೆ ಆ ನೀರು ಹೇಗಿರುತ್ತದೆ ಎಂಬುದು ಬೇರೆ ಪ್ರಶ್ನೆ. ನನ್ನನ್ನು ಕೇಳಿದರೆ, ನೀರನ್ನು ನಿಲ್ಲಿಸಬಾರದು, ಮೂರನೇ ಹಂತವನ್ನು ಬಿಡಬಾರದು. ಪ್ರತಿ ಕೆರೆಯ ಪರೀಕ್ಷಾ ಫಲಿತಾಂಶವನ್ನು ಆ ಊರಿನ ಪಂಚಾಯತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು. ಕೂಲಿ ದರ ಬರೆಸುತ್ತೇವೆ, ಇದನ್ನು ಬರೆಸಲಾಗದೇ?

‘ಹಜ್ರತ್, ಆ ಕೆರೆ ಪಕ್ಕದ ಬೋರ್‌ವೆಲ್ ನೀರಿನಲ್ಲಿ ವುಜೂ ಆಗುತ್ತದೆಯೇ?’ ಎಂದು ನಮ್ಮ ಇಮಾಮ್ ಸಾಹೇಬರನ್ನು ಒಬ್ಬ ಯುವಕರು ಕೇಳಿದ್ದು ನಾನು ಕೇಳಿಸಿಕೊಂಡಿದ್ದೇನೆ. ಒಳ್ಳೆಯ ಪ್ರಶ್ನೆ. ಮಸ್‌ಅಲಾ ಹೇಳುವ ಅರ್ಹತೆ ನನಗಿಲ್ಲ. ಇತಿಹಾಸದ ಒಂದು ಸಂಗತಿ ಮಾತ್ರ ಹೇಳುತ್ತೇನೆ. 1978ರಲ್ಲಿ ಸೌದಿ ಅರೇಬಿಯಾದ ಹಿರಿಯ ಉಲಮಾಗಳ ಮಂಡಳಿಯ ಮುಂದೆ ಇದೇ ಪ್ರಶ್ನೆ ಬಂದಿತ್ತು: ಕೊಳಚೆಯನ್ನು ಶುದ್ಧೀಕರಿಸಿದ ನೀರು ಪಾಕ್ ಆಗುತ್ತದೆಯೇ? ಅವರು ಆ ಕ್ಷೇತ್ರದ ವಿಜ್ಞಾನಿಗಳು, ಎಂಜಿನಿಯರುಗಳ ಅಭಿಪ್ರಾಯ ಪಡೆದರು. ಬಣ್ಣ, ರುಚಿ, ವಾಸನೆಗಳಲ್ಲಿ ಮಲಿನದ ಗುರುತು ಉಳಿಯದಷ್ಟು ಪೂರ್ಣವಾಗಿ ಶುದ್ಧವಾದರೆ ಅದು ಶುದ್ಧ ನೀರೇ, ಆರೋಗ್ಯಕ್ಕೆ ಹಾನಿಯಿಲ್ಲದಿದ್ದರೆ ಕುಡಿಯಲೂ ಬಳಸಬಹುದು ಎಂಬ ತೀರ್ಮಾನಕ್ಕೆ ಬಂದರು. ಧರ್ಮದ ಪ್ರಶ್ನೆಗೆ ಉತ್ತರ ಕೊಡುವ ಮೊದಲು ನೀರಿನ ತಜ್ಞರನ್ನು ಕೂರಿಸಿಕೊಂಡು ಕೇಳಿದರಲ್ಲ, ಆ ಕ್ರಮ ನನಗೆ ಹಿಡಿಸಿತು. ನಮ್ಮ ಟ್ರಸ್ಟಿನ ಸಭೆಗೂ ಅದು ಅನ್ವಯಿಸುತ್ತದೆ.

ಉಳಿತಾಯದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದರ ಮೇಲೆ ಜುಮಾ ಖುತ್ಬಾಗಳಾಗಿವೆ. ಪ್ರವಾದಿ(ಸ) ಅವರು ಒಂದು ಮುದ್ದ್ ನೀರಿನಲ್ಲಿ ವುಜೂ ಮುಗಿಸುತ್ತಿದ್ದರು ಎಂಬುದು ಹದೀಸ್‌ನಲ್ಲಿದೆ. ಒಂದು ಮುದ್ದ್ ಎಂದರೆ ಲೀಟರಿನ ಮೂರನೆಯ ಎರಡು ಭಾಗದಷ್ಟು. ಮಸೀದಿಯ ನಲ್ಲಿಯ ಕೆಳಗೆ ಒಂದು ಬಕೆಟ್ ಇಟ್ಟು, ನೀವು ಎಂದಿನಂತೆ ವುಜೂ ಮಾಡಿ, ಆಮೇಲೆ ಅಳೆಯಿರಿ. ನಾನು ಅಂಕಿ ಹೇಳುವುದಿಲ್ಲ. ಹಿಂದೆ ಹೌಜ್ ಇದ್ದ ಕಾಲದಲ್ಲಿ ಕೈಯಲ್ಲಿ ಮೊಗೆದಷ್ಟೇ ನೀರು ಖರ್ಚಾಗುತ್ತಿತ್ತು. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದ ಕರೇಜ್ ಇದೆ. ಜಂಬಿಟ್ಟಿಗೆ ಕಲ್ಲಿನ ಕೆಳಗೆ ಸುರಂಗ ತೋಡಿ, ನೆಲದೊಳಗಿನ ನೀರು ತಾನಾಗಿ ಇಳಿಜಾರಿನಲ್ಲಿ ಹರಿದು ಬರುವಂತೆ ಮಾಡಿದ ವ್ಯವಸ್ಥೆ. ನೆಲ ಕೊಟ್ಟಷ್ಟೇ ನೀರು ಬರುತ್ತದೆ, ಮೋಟಾರು ಹಾಕಿ ಎಳೆಯುವ ಮಾತಿಲ್ಲ. ಅದು ಅಲ್ಲಿನ ಕಲ್ಲಿಗೆ ಹೊಂದುವ ಉಪಾಯ. ಕೋಲಾರದ ಗ್ರಾನೈಟಿಗೆ ಹೊಂದುವುದು ಕೆರೆ. ಅದಕ್ಕೇ ಹಿಂದಿನವರು ಇಲ್ಲಿ ಸಾವಿರಾರು ಕೆರೆ ಕಟ್ಟಿದ್ದು.

ಸಮಿತಿಯ ಮುಂದೆ ನನ್ನ ವಿನಂತಿ ಇಷ್ಟು. ಕೊಳವೆಬಾವಿಯ ಬಾಬ್ತನ್ನು ತೆಗೆದುಹಾಕಿ ಎನ್ನುತ್ತಿಲ್ಲ. ಕುಡಿಯುವ ನೀರೇ ಇಲ್ಲದ ಕೇರಿಗಳಿವೆ, ಗೊತ್ತು. ಆದರೆ ಕೊರೆಯುವ ಮೊದಲು ಒಬ್ಬ ಭೂವಿಜ್ಞಾನಿಯಿಂದ ವಿದ್ಯುತ್ ನಿರೋಧಕತೆಯ ಪರೀಕ್ಷೆ ಮಾಡಿಸಿ. ನೆಲದೊಳಗೆ ವಿದ್ಯುತ್ ಹರಿಸಿ ಶಿಥಿಲ ಪದರ ಎಷ್ಟು ದಪ್ಪವಿದೆ ಎಂದು ನೋಡುವ ಪರೀಕ್ಷೆ ಅದು. ಅದರ ಖರ್ಚು ಒಂದು ಫೇಲಾದ ಬೋರ್‌ವೆಲ್‌ನ ಖರ್ಚಿನ ಮುಂದೆ ಏನೂ ಅಲ್ಲ. ಅದು ನೀರಿನ ಖಾತರಿ ಕೊಡುವುದಿಲ್ಲ, ವ್ಯರ್ಥ ಆಳವನ್ನು ತಪ್ಪಿಸುತ್ತದೆ. ಈಗಾಗಲೇ ಟ್ರಸ್ಟ್ ಕೊರೆಸಿರುವ ಪ್ರತಿಯೊಂದು ಬಾವಿಯ ಆಳ, ನೀರು ಸಿಕ್ಕ ಆಳ, ಕೇಸಿಂಗ್ ಎಷ್ಟು ಅಡಿ, ಈಗ ನೀರು ಎಷ್ಟು, ಫ್ಲೋರೈಡ್ ಎಷ್ಟು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಈಗ ನಮ್ಮಲ್ಲಿರುವುದು ಬಿಲ್ಲುಗಳು ಮಾತ್ರ. ಬತ್ತಿದ ಬಾವಿಗಳಲ್ಲಿ ಎರಡನ್ನಾದರೂ ಆರಿಸಿ ಮಸೀದಿ, ಮದ್ರಸಾದ ಮಾಳಿಗೆಯ ಮಳೆನೀರನ್ನು ಸೋಸಿ ಇಳಿಸುವ ಗುಂಡಿ ಮಾಡೋಣ. ಮಾಳಿಗೆಯ ನೀರು ಮಾತ್ರ, ಅಂಗಳದ್ದಲ್ಲ; ಬಚ್ಚಲಿನದಂತೂ ಅಲ್ಲವೇ ಅಲ್ಲ. ನೂರು ಚದರ ಮೀಟರ್ ಮಾಳಿಗೆಯ ಮೇಲೆ ವರ್ಷಕ್ಕೆ 70 ಸಾವಿರ ಲೀಟರ್ ಬೀಳುತ್ತದೆ. ಮದ್ರಸಾದ ಹಿಂದೆ ಬಾಯ್ತೆರೆದುಕೊಂಡಿರುವ ಹಳೆಯ ಬೋರ್‌ವೆಲ್‌ಗೆ ಇಂದೇ ಮುಚ್ಚಳ ಹಾಕಿಸಿ. ಆ ಅಂಗಳದಲ್ಲಿ ಮಕ್ಕಳು ಆಡುತ್ತಾರೆ.

ಅಟಲ್ ಭೂಜಲ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಗ್ರಾಮ ಪಂಚಾಯತಿಗಳಿಗೆ ನೀರಿನ ಆಯವ್ಯಯ ಪತ್ರ ತಯಾರಿಸಿದ್ದಾರೆ. ಬಂದ ನೀರೆಷ್ಟು, ತೆಗೆದ ನೀರೆಷ್ಟು ಎಂಬ ಲೆಕ್ಕ. ನಿಮ್ಮ ಪಂಚಾಯತಿಯದನ್ನು ಕೇಳಿ ನೋಡಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವುದನ್ನು ಪದವಿ ತರಗತಿಯ ಮಕ್ಕಳು ಕಲಿತುಕೊಳ್ಳಲಿ.

ಇನ್ನೊಂದು ಸಣ್ಣ ಆಸೆ. ಈ ವರ್ಷದ ಪಟ್ಟಿ ನೋಡಿದೆ. ಎಂಜಿನಿಯರಿಂಗ್, ಫಾರ್ಮಸಿ, ನರ್ಸಿಂಗ್, ಬಿ.ಕಾಂ. ಎಲ್ಲವೂ ಇವೆ, ಸಂತೋಷ. ಭೂವಿಜ್ಞಾನ ಓದುವ ಒಬ್ಬರೂ ಇಲ್ಲ. ಬೋರ್‌ವೆಲ್ ನಂಬಿ ಬದುಕುವ ಜಿಲ್ಲೆಯಿಂದ ಬಂಡೆಯನ್ನು ಓದಬಲ್ಲ ಮಕ್ಕಳು ಬರಬೇಕು. ಮುಂದಿನ ಪ್ರಕಟಣೆಯಲ್ಲಿ ಭೂವಿಜ್ಞಾನ ಅಥವಾ ಪರಿಸರ ವಿಜ್ಞಾನದಲ್ಲಿ ಬಿ.ಎಸ್ಸಿ., ಎಂ.ಎಸ್ಸಿ. ಮಾಡುವ ಇಬ್ಬರಿಗೆ, ಅವರಲ್ಲಿ ಒಬ್ಬಳು ಹುಡುಗಿಯಾಗಿರುವಂತೆ, ಪ್ರತ್ಯೇಕ ವೇತನ ಇಡಬೇಕೆಂದು ಕೋರುತ್ತೇನೆ. ಒಬ್ಬರ ಮೊದಲ ವರ್ಷದ ಶುಲ್ಕಕ್ಕೆ ನನ್ನ ಪಿಂಚಣಿಯಿಂದ ಕೊಡುತ್ತೇನೆಂದು ಅಧ್ಯಕ್ಷರಿಗೆ ಬರೆದುಕೊಟ್ಟಿದ್ದೇನೆ.

ಕೊನೆಗೆ ಇವತ್ತೇ ಶುರುಮಾಡಬಹುದಾದ ಕೆಲಸ. ಮುಂದಿನ ಭಾನುವಾರ ಜುಹರ್ ನಂತರ ಮದ್ರಸಾದಲ್ಲಿ ಇರುತ್ತೇನೆ. ನಿಮ್ಮ ಕೇರಿಯ ಕುಡಿಯುವ ನೀರನ್ನು ಒಂದು ಲೀಟರ್ ತನ್ನಿ. ಪ್ಲಾಸ್ಟಿಕ್ ಬಾಟಲಿಯಲ್ಲೇ ತನ್ನಿ, ಗಾಜಿನದು ಬೇಡ, ಫ್ಲೋರೈಡ್ ಪರೀಕ್ಷೆಗೆ ಗಾಜು ಸರಿಯಲ್ಲ. ತಂಪು ಪಾನೀಯದ ಬಾಟಲಿಯಾದರೆ ಚೆನ್ನಾಗಿ ತೊಳೆದು, ತುಂಬಿಸುವ ನೀರಿನಲ್ಲೇ ಮೂರು ಸಲ ಗಲಬರಿಸಿ. ಬೋರ್‌ವೆಲ್ ಆಗಿದ್ದರೆ ಮೋಟಾರು ಹಾಕಿ ಐದಾರು ನಿಮಿಷ ನೀರು ಹೋಗಲು ಬಿಟ್ಟು ಆಮೇಲೆ ಹಿಡಿಯಿರಿ. ಬಾಟಲಿಯ ಮೇಲೆ ಊರು, ಬಾವಿಯ ಗುರುತು, ಹಿಡಿದ ದಿನಾಂಕ, ಗೊತ್ತಿದ್ದರೆ ಆಳ, ಇಷ್ಟನ್ನು ಪೆನ್ಸಿಲಿನಲ್ಲಿ ಬರೆದ ಚೀಟಿ ಅಂಟಿಸಿ. ಶಾಯಿ ಒದ್ದೆಯಾದರೆ ಅಳಿಸಿಹೋಗುತ್ತದೆ. ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಅವನ್ನು ಒಯ್ಯಲು ಇಬ್ಬರು ಹುಡುಗರು ಒಪ್ಪಿದ್ದಾರೆ. ಫಲಿತಾಂಶ ಬಂದ ಮೇಲೆ ಮಸೀದಿಯ ಸೂಚನಾ ಫಲಕದಲ್ಲಿ ಹಾಕುತ್ತೇವೆ.